ತುದಿಯಿಂದ ಎಣಿಸುವ ವಿದ್ಯೆ

ಕಳೆದ ಸಂಚಿಕೆಯಲ್ಲಿ ಮನೆಯ ಜಮಾಖರ್ಚಿನ ವಿಷಯ ಬರೆದಿದ್ದೆನಷ್ಟೆ. ಈ ಸಲ ಕಾರ್ಖಾನೆಯ ಮಾತು. ಕಚೇರಿಯ ಗುಮಾಸ್ತನಿಗೆ ಕಾರ್ಖಾನೆಯ ಗೊಡವೆ ಏಕೆಂದು ವಾಚಕರು ಕೇಳಬಹುದು. ಕಾರಣವಿದೆ. ನಮ್ಮ ಅಕ್ಕನ ಎರಡು ಚಿನ್ನದ ಬಳೆಗಳು ಎರಡು ರೂಪಾಯಿಯ ರಬ್ಬರು ಬಳೆಯ ದೆಸೆಯಿಂದ ಅಡವಿಗೆ ಹೋದುವು.

ಭಾವನವರದು ಪುಣೆಯ ಭೋಸರಿಯಲ್ಲಿ ಒಂದು ಸಣ್ಣ ವರ್ಕ್‌ಷಾಪು. ಎರಡು ಲೇತು, ಒಂದು ಡ್ರಿಲ್ಲಿಂಗ್ ಮೆಷೀನು, ಐದು ಮಂದಿ ಕೆಲಸಗಾರರು. ನೀರಿನ ಪೈಪಿಗೆ ಹಾಕುವ ವಾಲ್ವುಗಳನ್ನು ಮಾಡಿಕೊಡುತ್ತಾರೆ. ಹೋದ ವರ್ಷ ಅವರಿಗೆ 200 ವಾಲ್ವುಗಳ ಆರ್ಡರು ಬಂದಿತು. ತಿಂಗಳ 30ನೆಯ ತಾರೀಖಿಗೆ ಒಪ್ಪಿಸತಕ್ಕದ್ದು ಎಂದು ಕರಾರು. ಭಾವನವರು ಸೋಮಾರಿಗಳಲ್ಲ. 1ನೆಯ ತಾರೀಖೇ ಎರಕದ ಒಡಲುಗಳಿಗಾಗಿ ಫೌಂಡ್ರಿಗೆ ಓಡಿದರು. ಮರುದಿನ 800 ಬೋಲ್ಟುಗಳನ್ನು ಕೊಂಡು ತಂದರು. ಉಳಿದದ್ದು ಒಂದೊಂದು ವಾಲ್ವಿಗೂ ಎರಡೆರಡು ರಬ್ಬರು ಬಳೆ. “ಎರಡು ರೂಪಾಯಿ ಸಾಮಾನು, ಅದಕ್ಕೇನು ಅವಸರ!” ಎಂದು ಅದನ್ನು 20ನೆಯ ತಾರೀಖಿನವರೆಗೂ ಮರೆತರು. ಆಮೇಲೆ ಹೇಳಿಕಳುಹಿಸಿದರೆ, “ಆ ಅಳತೆಯದು ಅಚ್ಚು ಹಾಕಿಸಿ ತೆಗೆಯಬೇಕು, 20 ದಿನ ಬೇಕು” ಎಂದು ಉತ್ತರ ಬಂದಿತು.

ತಿಂಗಳ ಕೊನೆಗೆ 200 ಒಡಲುಗಳು ಕಡೆದು, ಬಣ್ಣ ಬಳಿದು, ಮದುವಣಗಿತ್ತಿಯರಂತೆ ಸಾಲಾಗಿ ಕುಳಿತಿದ್ದುವು. ರಬ್ಬರು ಬಳೆ ಮಾತ್ರ ಇಲ್ಲ. ಅದಿಲ್ಲದೆ ಹೋದರೆ ನೀರು ಸೋರುತ್ತದೆ. ಮಾಲು ಹೋಗದೆ ಬಿಲ್ಲಿಲ್ಲ, ಬಿಲ್ಲಿಲ್ಲದೆ ಹಣವಿಲ್ಲ. ಐದು ಮನೆಗಳ ಒಲೆಗಳಾದರೋ 1ನೆಯ ತಾರೀಖಿನ ಸಂಬಳವನ್ನೇ ನಂಬಿಕೊಂಡಿದ್ದುವು. ಅಕ್ಕ ಮಾತಾಡದೆ ಬಳೆ ತೆಗೆದುಕೊಟ್ಟಳು.

ಆ ಭಾನುವಾರ ನಾನು ಹೋದಾಗ ಭಾವನವರು, “ಮೊದಲ ದಿನವೇ ಶುರುಮಾಡಿದೆ ಕಣಯ್ಯ. ಆದರೂ ತಡವಾಯಿತು” ಎಂದರು. ತಪ್ಪಿದ್ದದ್ದು ಅಲ್ಲಿಯೇ. ಅವರು 1ನೆಯ ತಾರೀಖಿನಿಂದ ಮುಂದಕ್ಕೆ ಎಣಿಸಿದ್ದರು. ಎಣಿಸಬೇಕಾದದ್ದು 30ರಿಂದ ಹಿಂದಕ್ಕೆ. ಒಂದು ಕಾಗದ ತೆಗೆದುಕೊಂಡು ಇಬ್ಬರೂ ಕುಳಿತೆವು. ಪರೀಕ್ಷೆ ಮಾಡಿ ಪೆಟ್ಟಿಗೆ ತುಂಬಲು 2 ದಿನ; ಹಾಗಾದರೆ ಜೋಡಣೆ 28ಕ್ಕೆ ಮುಗಿಯಬೇಕು. ಜೋಡಣೆಗೆ 3 ದಿನ. ಎಂದರೆ 25ಕ್ಕೆ ಸಾಮಾನೆಲ್ಲ ಕೈಯಲ್ಲಿರಬೇಕು. ಲೇತು ಮತ್ತು ಬಣ್ಣದ ಕೆಲಸಕ್ಕೆ 8 ದಿನ. ಎರಕ 17ಕ್ಕೆ ಬರಬೇಕು. ಫೌಂಡ್ರಿಯವರಿಗೆ 12 ದಿನ. ಅವರಿಗೆ 5ರಂದು ಹೇಳಿದ್ದರೆ ಸಾಕಿತ್ತು. ರಬ್ಬರು ಬಳೆಗೆ 20 ದಿನ. 25ರಿಂದ ಹಿಂದಕ್ಕೆ ಎಣಿಸಿದರೆ ಅದೂ 5ನೆಯ ತಾರೀಖೇ! ಭಾರಿಯ ಎರಕಕ್ಕೂ ಎರಡು ರೂಪಾಯಿಯ ಬಳೆಗೂ ಒಂದೇ ಮುಹೂರ್ತ. ಬೋಲ್ಟು ಪೇಟೆಯಲ್ಲಿ 2 ದಿನಕ್ಕೆ ಸಿಗುತ್ತದೆ, 23ರವರೆಗೂ ಕಾಯಬಹುದಿತ್ತು. ಅದೂ ಅಲ್ಲದೆ, ಬೀರುವಿನಲ್ಲಿ ಆಗಲೇ 500 ಬೋಲ್ಟುಗಳಿದ್ದುವು. 800ರಲ್ಲಿ 500 ಕಳೆದರೆ ಕೊಳ್ಳಬೇಕಾದದ್ದು 300 ಮಾತ್ರ. ಮಿಕ್ಕ ಹಣ ಕಬ್ಬಿಣವಾಗಿ ಮಲಗಿತ್ತು.

ಕಾಫಿ ತಂದ ಅಕ್ಕ ಕಾಗದವನ್ನು ನೋಡಿ, “ಇದಕ್ಕೆ ಇಷ್ಟೊಂದು ಲೆಕ್ಕವೇನೋ? ನಾಳೆ ಬೆಳಿಗ್ಗೆ ಇಡ್ಲಿ ಬೇಕಾದರೆ ಇವತ್ತು ಮಧ್ಯಾಹ್ನವೇ ಉದ್ದು ನೆನೆಹಾಕುವುದಿಲ್ಲವೇ? ತೆಂಗಿನಕಾಯಿ ಬೆಳಿಗ್ಗೆ ತಂದರೂ ಆಯಿತು” ಎಂದಳು. ಇಬ್ಬರೂ ತಲೆತಗ್ಗಿಸಿದೆವು.

ಅಕ್ಕನ ಈ ವಿದ್ಯೆಯನ್ನೇ ದೊಡ್ಡ ಕಾರ್ಖಾನೆಗಳಿಗೆ ಶಾಸ್ತ್ರವಾಗಿಸಿದವರಲ್ಲಿ ಮುಖ್ಯರು ಅಮೆರಿಕದ ಜೋಸೆಫ್ ಆರ್ಲಿಕಿ. 1964ರಲ್ಲಿ ಇದಕ್ಕೊಂದು ಪದ್ಧತಿಯನ್ನು ರೂಪಿಸಿ, 1975ರಲ್ಲಿ ಗ್ರಂಥವನ್ನೂ ಬರೆದರು. ಅದಕ್ಕೆ ಮುಂಚೆ ವಾಡಿಕೆಯಲ್ಲಿದ್ದದ್ದು, ಕಪಾಟಿನಲ್ಲಿ ಸಾಮಾನು ಇಷ್ಟಕ್ಕಿಂತ ಕಡಮೆಯಾದರೆ ಮತ್ತೆ ತರಿಸುವ ಕ್ರಮ. ಆರ್ಲಿಕಿಯವರು ತೋರಿಸಿದ್ದು ಇಷ್ಟು: ಜನ ಎಷ್ಟು ವಾಲ್ವು ಕೊಳ್ಳುವರೆಂಬುದು ಊಹೆಯ ಮಾತು. ಆದರೆ 200 ಮಾಡುವುದೆಂದು ನಿಶ್ಚಯವಾದ ಮೇಲೆ 400 ಬಳೆ ಬೇಕೆಂಬುದು ಊಹೆಯಲ್ಲ, ಮಗ್ಗಿ. ಏನನ್ನು ಎಂದಿಗೆ ಮಾಡಬೇಕು, ಅದು ಯಾವ ಯಾವ ಸಾಮಾನಿನಿಂದ ಆಗುತ್ತದೆ, ಕೈಯಲ್ಲಿ ಎಷ್ಟಿದೆ, ದಾರಿಯಲ್ಲಿ ಎಷ್ಟಿದೆ, ಬರಲು ಎಷ್ಟು ದಿನ ಹಿಡಿಯುತ್ತದೆ. ಇಷ್ಟು ತಿಳಿದರೆ ಉಳಿದದ್ದನ್ನು ಕಂಪ್ಯೂಟರು ಎಣಿಸುತ್ತದೆ. ತಿಳಿಸಿದ್ದು ಸುಳ್ಳಾದರೆ ಸುಳ್ಳನ್ನೇ ಎಣಿಸುತ್ತದೆ. ಲೇತಿನ ಲೆಕ್ಕವನ್ನೂ ಮರೆಯಲಾಗದು. ಒಂದೇ ಲೇತಿನ ಮೇಲೆ ಒಂದೇ ದಿನ ಎರಡು ಕೆಲಸಗಳನ್ನು ಬರೆದಿಟ್ಟರೆ, ಕಾಗದ ಸುಮ್ಮನಿದ್ದರೂ ಲೇತು ಒಪ್ಪುವುದಿಲ್ಲ.

ಇಷ್ಟೆಲ್ಲ ಗೊಂದಲವೇಕೆ, ಎಲ್ಲವನ್ನೂ ರಾಶಿ ಹಾಕಿಕೊಂಡರಾಗದೇ ಎಂದು ಕೇಳುವವರುಂಟು. ರಾಶಿಗೆ ಹಣ ಬೇಕು, ಜಾಗ ಬೇಕು. ಇಟ್ಟದ್ದು ತುಕ್ಕು ಹಿಡಿಯುತ್ತದೆ. ಜಪಾನಿನ ಟೊಯೋಟಾ ಕಂಪೆನಿಯ ತೈಯಿಚಿ ಓನೊ ಅವರು ಇದಕ್ಕೆ ತೀರ ಬೇರೆ ದಾರಿಯನ್ನು ಹಿಡಿದರು. ಮುಂದಿನವನು ತೆಗೆದುಕೊಂಡಷ್ಟನ್ನೇ ಹಿಂದಿನವನು ಮತ್ತೆ ಮಾಡಿ ತುಂಬಬೇಕು. ಅದಕ್ಕೆ ಗುರುತು ಒಂದು ಚೀಟಿ. ಅದೇ ‘ಕಾನ್‌ಬಾನ್’. ರಾಶಿ ಕರಗಿತು, ಹಣ ಉಳಿಯಿತು. ಆದರೆ 1997ರ ಫೆಬ್ರವರಿ 1ರಂದು ಕಾರಿಯಾ ಎಂಬ ಊರಿನಲ್ಲಿ, ಅವರಿಗೆ ಬ್ರೇಕಿನ ಒಂದು ಪುಟ್ಟ ವಾಲ್ವನ್ನು ಒದಗಿಸುತ್ತಿದ್ದ ಐಸಿನ್ ಕಾರ್ಖಾನೆಗೆ ಬೆಂಕಿ ಬಿತ್ತು. ದಾಸ್ತಾನು ತೀರ ಅಲ್ಪ. ಜಪಾನಿನಲ್ಲಿ ಟೊಯೋಟಾದ ಬಹುಮಟ್ಟಿನ ಕೆಲಸವೆಲ್ಲ ಕೆಲವು ದಿನ ನಿಂತುಹೋಯಿತು. ಆ ವಾಲ್ವನ್ನು ಎಂದೂ ಮಾಡದಿದ್ದ ಕಾರ್ಖಾನೆಗಳೂ ಕೈಜೋಡಿಸಿ ಮಾಡಿಕೊಟ್ಟ ಮೇಲೆಯೇ ಚಕ್ರ ಉರುಳಿದ್ದು. ಅಷ್ಟು ದೊಡ್ಡವರಿಗೂ ಅಡ್ಡಬಂದದ್ದು ಅಂಗೈಯಲ್ಲಿ ಹಿಡಿಯುವ ವಸ್ತು.

ಆದುದರಿಂದ ನನಗೆ ತೋರುವುದೇನೆಂದರೆ, ಸಾಮಾನಿನ ಮರ್ಯಾದೆಯನ್ನು ಅದರ ಬೆಲೆಯಿಂದ ಅಳೆಯಬಾರದು. ಅದು ಬರಲು ಹಿಡಿಯುವ ದಿನಗಳಿಂದಲೂ, ಅದನ್ನು ಕೊಡಬಲ್ಲ ಅಂಗಡಿಗಳ ಸಂಖ್ಯೆಯಿಂದಲೂ ಅಳೆಯಬೇಕು. ನಾಲ್ಕು ಕಡೆ ಸಿಗುವ ಬೋಲ್ಟಿಗೆ ರಾಶಿ ಬೇಡ. ಒಂದೇ ಮನೆಯಿಂದ, ಅದೂ ನಿಧಾನವಾಗಿ ಬರುವ ಬಳೆಯನ್ನು ಮಾತ್ರ ನಾಲ್ಕು ಹೆಚ್ಚಾಗಿ ಇಟ್ಟುಕೊಂಡಿರುವುದು ಲೇಸು.

ಭಾವನವರ ಗೋಡೆಯ ಮೇಲೆ ಈಗ ಒಂದು ಕ್ಯಾಲೆಂಡರಿದೆ. ಆರ್ಡರು ಬಂದೊಡನೆ ಕೊನೆಯ ತಾರೀಖಿಗೆ ಕೆಂಪು ಮಸಿಯಲ್ಲಿ ಸುತ್ತುಹಾಕಿ, ಅಲ್ಲಿಂದ ಹಿಂದಕ್ಕೆ ಬರೆಯುತ್ತಾರೆ. ಮೊನ್ನೆ ಹೋದಾಗ ನೋಡಿದೆ. ಅಕ್ಕನ ಒಂದು ಕೈಗೆ ಬಳೆ ಬಂದಿದೆ. ಇನ್ನೊಂದು ಯಾವಾಗ ಎಂದು ಕೇಳಿದೆ. ಭಾವನವರು ಮಾತಾಡದೆ ಕ್ಯಾಲೆಂಡರಿನ ಮೇಲಿದ್ದ ಒಂದು ಕೆಂಪು ಸುತ್ತನ್ನು ತೋರಿಸಿದರು.