ಪುರಾಣ ಹಚ್ಚಬ್ಯಾಡ!

‘ಸಾಕ ಬಿಡವಾ, ಪುರಾಣ ಹಚ್ಚಬ್ಯಾಡ.’ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಈ ಮಾತು ಕೇಳದ ಮನೆ ಇರಲಿಕ್ಕಿಲ್ಲ. ಬೆಂಗಳೂರಿನ ನನ್ನ ಆಫೀಸ್ ಗೆಳೆಯರು ‘ಕೊರೀಬೇಡ ಗುರು’ ಅಂತಾರೆ. ಎರಡೂ ಒಂದೇ ಅಲ್ಲ. ಕೊರೆಯೋದು ಬರೀ ಬೇಸರದ ಮಾತು; ಕ್ರಿಕೆಟ್ ಬಗ್ಗೆಯೂ ಕೊರೀಬಹುದು. ಪುರಾಣದಲ್ಲಿ ಬುದ್ಧಿವಾದ ಇರಲೇಬೇಕು, ಹೇಳುವವರು ಒಂದು ಮೆಟ್ಟಿಲು ಮೇಲೆ ಕೂತಿರಬೇಕು.

‘ಹಚ್ಚು’ ನಮ್ಮ ಕಡೆ ಬಹಳ ದುಡಿಯೋ ಕ್ರಿಯಾಪದ. ದೀಪ ಹಚ್ತೀವಿ, ಫೋನೂ ಹಚ್ತೀವಿ. ಶ್ರಾವಣ ಬಂತಂದ್ರ ಗುಡಿ, ಮಠಗಳಲ್ಲಿ ಪುರಾಣ ಹಚ್ಚತಾರ. ರಾತ್ರಿ ಊಟ ಮುಗಿಸಿ ಜನ ಬಂದು ಕೂಡುತ್ತಾರೆ, ಗವಾಯಿ ಹಾರ್ಮೋನಿಯಂ ಹಿಡಿದು ಹಾಡುತ್ತಾರೆ, ತಬಲಾ ಸಾಥ್ ಇರುತ್ತದೆ, ಪುರಾಣಿಕರು ಅರ್ಥ ಬಿಡಿಸಿ ಹೇಳುತ್ತಾರೆ. ಬಸವಣ್ಣ ಹುಟ್ಟಿದ ಸೀಮೆ ಇದು. ಭೀಮಕವಿ 1369ರಲ್ಲಿ ಬರೆದ ಬಸವಪುರಾಣ ಇಲ್ಲಿಯ ಕಿವಿಗಳಿಗೆ ಹೊಸದಲ್ಲ. ಕೊನೆಗೊಂದು ದಿನ ಮಂಗಲ, ಪ್ರಸಾದ. ಬೇಸರ ಬಂದವ ನಡುವೆ ಎದ್ದು ಹೋಗಬಹುದು. ಮನೆಯ ಪುರಾಣಕ್ಕೆ ಆ ಸೌಲಭ್ಯ ಇಲ್ಲ, ಮಂಗಲವೂ ಇಲ್ಲ. ಹೇಳಿದ್ದೊಂದು ಮಾಡಿದ್ದೊಂದು ಆದರೆ ‘ಪುರಾಣ ಹೇಳಾಕ, ಬದನಿಕಾಯಿ ತಿನ್ನಾಕ’ ಅನ್ನೋ ಗಾದೆ ತಯಾರಿದೆ. (ಎಣಗಾಯಿ ಮುಂದಿಟ್ಟರೆ ನಾನೂ ಬಿಡೋನಲ್ಲ.)

ವಿಚಿತ್ರ ಅಂದ್ರೆ, ‘ಪ್ರವಚನ’ ಅನ್ನೋ ಪದ ನಮ್ಮ ಜಿಲ್ಲೆಯಲ್ಲಿ ಅಷ್ಟು ಸವೆದಿಲ್ಲ. ಅದಕ್ಕೆ ವಿಜಯಪುರ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ ಕಾರಣ ಅಂತ ನನಗನಿಸುತ್ತದೆ. ಜೇಬಿಲ್ಲದ ಬಿಳಿ ಅಂಗಿ, ಮೆಲುದನಿ; 2018ರಲ್ಲಿ ಪದ್ಮಶ್ರೀ ಬಂದರೂ ಬೇಡ ಅಂದವರು. 2023ರ ಜನವರಿಯಲ್ಲಿ ಅವರು ಹೋಗುವ ತನಕ ಸಾವಿರಾರು ಜನ ಬಂದು, ಸದ್ದಿಲ್ಲದೆ ಕೂತು ಅವರ ಮಾತು ಕೇಳಿದರು. ಯಾರೂ ಅದಕ್ಕೆ ‘ಪುರಾಣ ಹಚ್ಚ್ಯಾರ’ ಅಂದದ್ದು ನಾನು ಕೇಳಿಲ್ಲ.

ಈ ಪದಕ್ಕೆ ಇನ್ನೊಂದು ಬಳಕೆಯಿದೆ, ಅದು ನನಗೆ ಸೇರೋದಿಲ್ಲ. ಹೋದ ವರ್ಷ ನಮ್ಮ ಬಳಗದಲ್ಲಿ ಮದುವೆ ಮಾತುಕತೆಯ ತಯಾರಿ. ಗಂಡಿನ ಕಡೆಯವರು ನಾವೇ. ಹತ್ತು ತೊಲಿ ಬಂಗಾರ, ಗಾಡಿ, ಕಲ್ಯಾಣ ಮಂಟಪ ಅಂತ ಲೆಕ್ಕ ನಡೆದಿತ್ತು. ಅಕ್ಕ ಅಂದಳು: ‘ಕಾಕಾ, 1961ರಿಂದ ಕಾನೂನ ಐತಿ. ತಗೊಳ್ಳೂದೂ ತಪ್ಪ, ಕೊಡೂದೂ ತಪ್ಪ.’

ಕಾಕಾ ಸಿಟ್ಟಾಗಲಿಲ್ಲ, ನಕ್ಕರು. ‘ನೀ ಪುರಾಣ ಹಚ್ಚಬ್ಯಾಡವಾ, ಚಾ ತಗೊಂಡ ಬಾ.’

ಅವಳು ಹೇಳಿದ್ದು ಎರಡೇ ವಾಕ್ಯ. ಅರ್ಧ ತಾಸು ಬಂಗಾರದ ಲೆಕ್ಕ ಹೇಳಿದವರದ್ದು ಯಾರಿಗೂ ಪುರಾಣ ಅನ್ನಿಸಿರಲಿಲ್ಲ! ಬೇಸರ ತಡೆಯೋಕೆ ಇರೋ ಪದ ಇಲ್ಲಿ ಬಾಯಿ ಮುಚ್ಚಿಸೋಕೆ ಬಂತು, ಅದೂ ನಗುತ್ತಲೇ. ಆಫೀಸಿನಲ್ಲಿ ‘ಲೆಕ್ಚರ್ ಬೇಡ’ ಅಂದಾಗಲೂ ಬಹಳ ಸಲ ಇದೇ ಆಗುತ್ತದೆ, ಗಮನಿಸಿ.

ಅಕ್ಕ ಚಾ ತರಲಿಲ್ಲ. ಅಲ್ಲೇ ಚಾಪೆ ಮೇಲೆ ಕೂತು, ‘ಹೂಂ, ಹಚ್ಚೀನಿ. ಮಂಗಲ ಆಗೂತನಕ ಕೇಳ್ರಿ’ ಅಂದಳು. ಲೆಕ್ಕ ಬರೆದ ಚೀಟಿ ಮಡಚಿಕೊಂಡು ಕಾಕಾನ ಕಿಸೆ ಸೇರಿತು. ಹರಿದು ಹಾಕಿಲ್ಲ, ಅಷ್ಟು ಗೊತ್ತು.