ಎರಡು ದೋಣಿಯಲ್ಲಿ ಕಾಲಿಟ್ಟ ಪೌರತ್ವ

ಡಿಸೆಂಬರ್ ಬಂತೆಂದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಧರ್ಮಕೇಂದ್ರಗಳಲ್ಲಿ ಪರದೇಶದಿಂದ ಬಂದವರ ಸಡಗರ. ಈ ಸಂಭ್ರಮದ ನಡುವೆ ಒಂದು ಮಾತು ಪದೇಪದೇ ಕಿವಿಗೆ ಬೀಳುತ್ತದೆ: "ಫಾದರ್, ನಮಗೀಗ ಎರಡು ದೇಶಗಳ ಪೌರತ್ವವಿದೆ." ಹೇಳುವವರಿಗೆ ಹೆಮ್ಮೆ, ಕೇಳುವವರಿಗೆ ಆಸೆ. ಆದರೆ ಆ ಮಾತು ನಿಜವಲ್ಲ.

1955ರ ಪೌರತ್ವ ಕಾಯ್ದೆಯ 9ನೇ ಕಲಮಿನ ಪ್ರಕಾರ, ಸ್ವಇಚ್ಛೆಯಿಂದ ಅನ್ಯದೇಶದ ಪೌರತ್ವ ಪಡೆದವನ ಭಾರತೀಯ ಪೌರತ್ವ ಅಲ್ಲಿಗೇ ಕೊನೆಗೊಳ್ಳುತ್ತದೆ. ಹಳೆಯ ಪಾಸ್‌ಪೋರ್ಟು ಕಪಾಟಿನಲ್ಲಿ ಭದ್ರವಾಗಿದ್ದ ಮಾತ್ರಕ್ಕೆ ಅವನು ಭಾರತದ ಪ್ರಜೆಯಾಗಿ ಉಳಿಯುವುದಿಲ್ಲ. ಇನ್ನು ಓಸಿಐ ಕಾರ್ಡು? ಅದು ಹೆಸರಿಗೆ 'ಸಾಗರೋತ್ತರ ಪೌರತ್ವ', ವಾಸ್ತವದಲ್ಲಿ ಆಜೀವ ವೀಸಾ. ಅದರಿಂದ ಮತದಾನದ ಹಕ್ಕು ಬಾರದು. ಅಡಿಕೆ ತೋಟವನ್ನಾಗಲಿ ಗದ್ದೆಯನ್ನಾಗಲಿ ಕ್ರಯಕ್ಕೆ ಕೊಳ್ಳಲಾಗದು. 2021ರ ಅಧಿಸೂಚನೆಯಂತೆ ಮಿಷನರಿ ಸೇವೆಗೂ ವಿಶೇಷ ಅನುಮತಿ ಬೇಕು. ವೀಸಾಕ್ಕೆ ಪೌರತ್ವವೆಂದು ಹೆಸರಿಟ್ಟು ಜನರನ್ನು ಭ್ರಮೆಗೆ ದೂಡಿದ ತಪ್ಪು ಸರ್ಕಾರದ್ದೂ ಹೌದು.

ಹೋದವರನ್ನು ದೇಶದ್ರೋಹಿಗಳೆನ್ನುವವರ ಪಂಗಡಕ್ಕೆ ನಾನು ಸೇರಿದವನಲ್ಲ. ಮಕ್ಕಳ ಭವಿಷ್ಯಕ್ಕಾಗಿ ಬೇರೆ ನಾಡನ್ನು ಆರಿಸಿಕೊಳ್ಳುವುದು ಪಾಪವಲ್ಲ. ಪಾಪವಿರುವುದು ಸುಳ್ಳಿನಲ್ಲಿ. ಅಮೆರಿಕದ ಪೌರನಾಗುವವನು ಹಿಂದಿನ ದೇಶದ ನಿಷ್ಠೆಯನ್ನು ಪೂರ್ಣವಾಗಿ ತ್ಯಜಿಸುವೆನೆಂದು ಪ್ರಮಾಣ ಮಾಡುತ್ತಾನೆ. ಹಾಗೆ ಪ್ರಮಾಣ ಮಾಡಿದ ನಾಲಿಗೆಯೇ ಊರಿಗೆ ಬಂದಾಗ ಭಾರತದ ಪೌರನೆಂದು ಹೇಳಿಕೊಂಡರೆ, ಯಾವ ಪ್ರಮಾಣವನ್ನು ನಂಬಬೇಕು? ಮತದಾರರ ಪಟ್ಟಿಯಿಂದ ಹೆಸರು ತೆಗೆಸದೆ ಮತ ಹಾಕುವುದು, ತಮ್ಮನ ಹೆಸರಿನಲ್ಲಿ ತೋಟ ಕೊಳ್ಳುವುದು ಜಾಣತನವಲ್ಲ, ವಂಚನೆ.

"ಇದರಿಂದ ಯಾರಿಗೆ ನಷ್ಟ?" ಎಂದು ಕೇಳುವವರಿದ್ದಾರೆ. ಗಲ್ಫ್ ರಾಷ್ಟ್ರಗಳಲ್ಲಿ ದುಡಿಯುವ ನಮ್ಮ ಸಹೋದರನನ್ನು ನೋಡಿ. ಮೂವತ್ತು ವರ್ಷ ಬೆವರು ಸುರಿಸಿದರೂ ಸಾಮಾನ್ಯವಾಗಿ ಅಲ್ಲಿ ಅವನಿಗೆ ಪೌರತ್ವ ಸಿಗುವುದಿಲ್ಲ. ಅವನು ಭಾರತೀಯನಾಗಿಯೇ ಉಳಿಯುತ್ತಾನೆ. 2010ರ ತಿದ್ದುಪಡಿ ಅವನಿಗೆ ಮತಾಧಿಕಾರ ಕೊಟ್ಟಿತು, ಆದರೆ ಖುದ್ದಾಗಿ ಮತಗಟ್ಟೆಗೆ ಬರಬೇಕು. ರಜೆಯೂ ಟಿಕೆಟಿನ ಹಣವೂ ಇಲ್ಲದೆ ಹಕ್ಕುಳ್ಳವನು ದೂರ ಉಳಿಯುತ್ತಾನೆ. ಹಕ್ಕನ್ನು ತ್ಯಜಿಸಿದವನು ಬೆರಳಿಗೆ ಶಾಯಿ ಹಚ್ಚಿಸಿಕೊಳ್ಳುತ್ತಾನೆ. ಇದು ನ್ಯಾಯವೇ? ತಮ್ಮನ ಹೆಸರಿನಲ್ಲಿ ಕೊಂಡ ತೋಟವಾದರೋ ಮುಂದಿನ ತಲೆಮಾರಿಗೆ ವ್ಯಾಜ್ಯವಾಗಿ ಉಳಿಯುತ್ತದೆ.

ಸಂತ ಪೌಲರು ರೋಮಿನ ಪೌರತ್ವವನ್ನು ಬಚ್ಚಿಡಲಿಲ್ಲ. ಜೆರುಸಲೇಮಿನಲ್ಲಿ ಚಾವಟಿಯ ಏಟಿಗೆ ಕಟ್ಟಿದಾಗ ಅದನ್ನು ಬಹಿರಂಗವಾಗಿ ಹೇಳಿ ನ್ಯಾಯ ಕೇಳಿದರು. ನಮ್ಮ ಪೌರತ್ವ ಪರಲೋಕದ್ದೆಂದು ಫಿಲಿಪ್ಪಿಯರಿಗೆ ಬರೆದವರೂ ಅವರೇ. ಆ ವಾಕ್ಯವನ್ನು ಇಹಲೋಕದ ಕಾನೂನಿನಿಂದ ನುಣುಚಿಕೊಳ್ಳಲು ಬಳಸುವುದು ಸಲ್ಲದು.

ಗುರುಗಳಾದ ನಾವೂ ಆತ್ಮಶೋಧನೆ ಮಾಡಿಕೊಳ್ಳಬೇಕು. ಇಗರ್ಜಿಯ ಕಟ್ಟಡಕ್ಕೆ ದೇಣಿಗೆ ಕೊಟ್ಟವರ ಮುಂದೆ ನಮ್ಮ ಬಾಯಿ ಕಟ್ಟಿಹೋಗುತ್ತದೆ. 1784ರಲ್ಲಿ ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ಹೋದ ನಮ್ಮ ಪೂರ್ವಜರಲ್ಲಿ ಬದುಕುಳಿದವರು 1799ರ ಬಳಿಕ ಈ ಮಣ್ಣಿಗೇ ಮರಳಿ ಬಂದರು. ಅವರ ಮಕ್ಕಳು ಬೇರೆ ದೇಶವನ್ನು ಆರಿಸಿಕೊಂಡರೆ ಹರಸಿ ಕಳುಹಿಸೋಣ. ಆದರೆ ಕಿವಿಮಾತೊಂದನ್ನು ಹೇಳೋಣ: ಪಾಸ್‌ಪೋರ್ಟನ್ನು ಒಪ್ಪಿಸಿರಿ, ಮತದಾರರ ಪಟ್ಟಿಯಿಂದ ಹೆಸರು ತೆಗೆಸಿರಿ, ನಿಮ್ಮ ಹೌದು ಹೌದಾಗಿರಲಿ. ತಾಯಿಮನೆಯ ಬಾಗಿಲು ಅತಿಥಿಗೂ ತೆರೆದಿರುತ್ತದೆ. ಮನೆಯ ಯಜಮಾನನೆಂದು ಸುಳ್ಳು ಹೇಳಿ ಒಳಬರುವ ಅಗತ್ಯವಿಲ್ಲ.