ಶಾಲೆ ಬಿಡಿಸಿದ್ದು ಇದಕ್ಕಾ?

ಮಗಳನ್ನ ಎಂಟಕ್ಕೇ ಶಾಲೆ ಬಿಡಿಸಿದ್ವಿ ಅಂದ್ರೆ ನೆಂಟರೆಲ್ಲ "ಹತ್ತನೇದು ಹೆಂಗೆ?" ಅಂತಾರೆ. ಅದಕ್ಕೆ ಎನ್‌ಐಒಎಸ್ ಅನ್ನೋ ಮುಕ್ತ ಶಾಲೆ ಇದೆ ಸ್ವಾಮಿ: 14 ತುಂಬಿದ್ರೆ ಸಾಕು, ಐದೇ ವಿಷಯ, ವರ್ಷಕ್ಕೆರಡು ಸಲ ಪರೀಕ್ಷೆ.

ನನ್ನ ಜಗಳ ನೆಂಟರ ಜೊತೆಯಲ್ಲ, ನಮ್ಮಂತೆ ಮನೇಲೇ ಕಲಿಸೋರ ಜೊತೆ. ಒಂಬತ್ತರಿಂದ ಮೂರರವರೆಗೆ ಲೈವ್ ಕ್ಲಾಸ್ ಹಾಕಿಸಿ ಅದನ್ನ ಹೋಮ್‌ಸ್ಕೂಲಿಂಗ್ ಅಂತಾರಲ್ಲ! ಬೆಂಚು ಹೋಗಿ ಕುರ್ಚಿ ಬಂತು, ಅಷ್ಟೇ. ನಾವೂ ಹಂಗೇ ಮಾಡಿದ್ವಿ ಬಿಡಿ. ಮೂರನೇ ವಾರ ನೋಡಿದ್ರೆ ಕ್ಯಾಮೆರಾ ಆಫ್, ಹುಡುಗಿ ಟೇಬಲ್ ಮೇಲೆ ತಲೆಯಿಟ್ಟು ನಿದ್ದೆ.

ಈಗ ಗಣಿತ ಒಂದೇ ಲೈವ್, ವಾರಕ್ಕೆ ಮೂರು ಗಂಟೆ, ಎಂಟೇ ಮಕ್ಕಳು. ಲೆಕ್ಕ ತಪ್ಪಿದ ಸಾಲಲ್ಲೇ ಮೇಷ್ಟ್ರು ತಡೀತಾರೆ. ರೆಕಾರ್ಡಿಂಗ್ ಅದನ್ನ ಮಾಡುತ್ತಾ? ಉಳಿದದ್ದು ತಾನೇ ಓದ್ಕೋತಾಳೆ. ಕನ್ನಡ ಮಾತ್ರ ಅಜ್ಜನ ಹತ್ರ, ದಿನಾ ಜಗಳ ಆಡ್ಕೊಂಡು.